ಕುದುರೆ ರೇಸಿನ ‘ಸಮಯ-ದೂರ ಸೂತ್ರ’ ಮಾರುವವರಿದ್ದಾರೆ, ಹುಷಾರು

ಯಾವ ಕುದುರೆ ಗೆಲ್ಲುತ್ತದೆಂದು ಹಳೆಯ ರೇಸುಗಳ ಸಮಯ ಮತ್ತು ದೂರದಿಂದ ಲೆಕ್ಕ ಹಾಕಿಕೊಡುತ್ತೇವೆ ಎನ್ನುವವರು ವಾಟ್ಸ್ಆ್ಯಪ್‌ನಲ್ಲಿ ಹಾಳೆ ಮಾರುತ್ತಿದ್ದಾರೆ. ಹಾಸನದ ಕಡೆಯವರು, ಅದರಲ್ಲೂ ಬಿತ್ತನೆಯ ಹಣ ಕೈಯಲ್ಲಿರುವವರು, ಇವರನ್ನು ಹತ್ತಿರ ಸೇರಿಸಬೇಡಿ. ಬಿತ್ತನೆ ಆಲೂಗಡ್ಡೆಗೆಂದು ನನ್ನ ಭಾವಮೈದುನ ತೆಗೆದಿಟ್ಟಿದ್ದ ದುಡ್ಡು ಮೇ ತಿಂಗಳಲ್ಲಿ ಹೀಗೆಯೇ ನೀರುಪಾಲಾಯಿತು.

ಅವನು ತೋರಿಸಿದ ಹಾಳೆಯನ್ನು ನೋಡಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ. 1200 ಮೀಟರನ್ನು 1 ನಿಮಿಷ 13 ಸೆಕೆಂಡಿನಲ್ಲಿ ಓಡಿದ ಕುದುರೆ 1400 ಮೀಟರನ್ನು 1 ನಿಮಿಷ 25.17 ಸೆಕೆಂಡಿನಲ್ಲಿ ಮುಗಿಸುತ್ತದಂತೆ! ಶಾಲೆಯ ತ್ರೈರಾಶಿ ಲೆಕ್ಕ, ಅಷ್ಟೇ. ಹೆಚ್ಚಿನ 200 ಮೀಟರನ್ನು ದಣಿದ ಕಾಲಿನಲ್ಲಿ ಓಡಬೇಕೆಂಬುದು ಅದರಲ್ಲಿಲ್ಲ. ಆ ವೇಗದಲ್ಲಿ ಒಂದು ಸೆಕೆಂಡೆಂದರೆ ಹದಿನಾರು ಮೀಟರಿಗೂ ಹೆಚ್ಚು, ಆರೇಳು ಕುದುರೆಗಳ ಉದ್ದ. ಎಷ್ಟೋ ರೇಸುಗಳು ಮೂತಿಯಷ್ಟು ಅಂತರದಲ್ಲಿ ತೀರ್ಮಾನವಾಗುತ್ತವೆ.

ಪತ್ರಿಕೆಯ ಫಲಿತಾಂಶದಲ್ಲಿ ಅಚ್ಚಾಗುವ ಸಮಯ ಸಾಮಾನ್ಯವಾಗಿ ಗೆದ್ದ ಕುದುರೆಯದು. ಉಳಿದವುಗಳದ್ದನ್ನು ಅಂತರ ನೋಡಿ ಅಂದಾಜು ಮಾಡಬೇಕು. ಮಳೆಗೆ ಟ್ರ್ಯಾಕ್ ಮೆತ್ತಗಾಗಿತ್ತೇ, ಬೆನ್ನ ಮೇಲೆ ಎಷ್ಟು ಕಿಲೋ ಇತ್ತು, ಸವಾರರಾದ ಜಾಕಿಗಳು ಮೊದಲರ್ಧವನ್ನು ನಿಧಾನವಾಗಿ ಸಾಗಿಸಿದರೇ, ಯಾವುದಕ್ಕೂ ಆ ಹಾಳೆಯಲ್ಲಿ ಜಾಗವಿರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದ ಊಟಿಯ ಸಮಯವನ್ನು ಹಾಗೆಯೇ ಎತ್ತಿ ಬೆಂಗಳೂರಿಗೆ ಅಂಟಿಸಿದ್ದರು. ಹ್ಯಾಂಡಿಕ್ಯಾಪ್ ರೇಸಿನಲ್ಲಂತೂ ಚೆನ್ನಾಗಿ ಓಡಿದ ಕುದುರೆಗೆ ಮುಂದೆ ಹೆಚ್ಚು ಭಾರ ಹೊರಿಸುವುದೇ ಪದ್ಧತಿ.

ಮಾರುವವನ ಮಾತಿನ ಬಂಡವಾಳ ಸೆಕ್ರೆಟೇರಿಯಟ್ ಎಂಬ ಕುದುರೆ. 1973ರ ಜೂನ್‌ನಲ್ಲಿ ಅದು ಅಮೆರಿಕದ ಬೆಲ್ಮಾಂಟ್ ಸ್ಟೇಕ್ಸ್ ರೇಸನ್ನು 2 ನಿಮಿಷ 24 ಸೆಕೆಂಡಿನಲ್ಲಿ ಗೆದ್ದದ್ದು ನಿಜ. ಆಗಸ್ಟ್‌ನಲ್ಲಿ ಅದೇ ಕುದುರೆ ಆನಿಯನ್ ಎಂಬ, ಅಷ್ಟೇನೂ ಹೆಸರಿಲ್ಲದ ಕುದುರೆಗೆ ಸೋತದ್ದನ್ನು ಆ ಮಹಾನುಭಾವ ಬಾಯಿ ಬಿಡುವುದಿಲ್ಲ.

ಕೊನೆಗೆ ಗುಟ್ಟು ರಟ್ಟಾದದ್ದು ಅರಸೀಕೆರೆಯ ಪರಿಚಿತರೊಬ್ಬರಿಂದ. ಅವರಿಗೂ ಅದೇ ರೇಸಿಗೆ ಅದೇ ಹಾಳೆ ಬಂದಿತ್ತು, ಆದರೆ ಗೆಲ್ಲುವ ಕುದುರೆ ಇದೇ ಎಂದು ಹಾಕಿದ ಹಸಿರು ಟಿಕ್ ಇದ್ದದ್ದು ಬೇರೆ ಕುದುರೆಯ ಹೆಸರಿನ ಮುಂದೆ! ಓಡುವ ಕುದುರೆಗಳನ್ನೆಲ್ಲ ಒಬ್ಬೊಬ್ಬರಿಗೆ ಒಂದೊಂದರಂತೆ ಹಂಚಿದರೆ ಯಾರಾದರೊಬ್ಬರು ಗೆದ್ದೇ ಗೆಲ್ಲುತ್ತಾರೆ. ಅವರ ಗೆಲುವಿನ ಚಿತ್ರ ಮರುದಿನ ಎಲ್ಲರ ಮೊಬೈಲಿಗೂ ಬರುತ್ತದೆ. ಸೋತವರು ಕೇಳಿದರೆ, ‘ಜಾಕಿ ಲಗಾಮು ಎಳೆದ’ ಎನ್ನುತ್ತಾರೆ, ಇನ್ನೂ ದುಬಾರಿಯಾದ ‘ವಿಶೇಷ ಹಾಳೆ’ ಕೊಳ್ಳಲು ಒತ್ತಾಯಿಸುತ್ತಾರೆ.

ಈಗಾಗಲೇ ಹಣ ಕಳುಹಿಸಿದ್ದರೆ ಸಿಟ್ಟಿನಲ್ಲಿ ಸಂದೇಶಗಳನ್ನು ಅಳಿಸಬೇಡಿ. ಹಣ ಪಾವತಿಸಿದ ವಿವರಗಳನ್ನು ಇಟ್ಟುಕೊಂಡು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.