ವಿಕ್ಟ್ರಾನ್ ಬ್ಲೂ ಸ್ಮಾರ್ಟ್ ಐಪಿ22: ಔಟ್‌ಪುಟ್ ಮೂರಿದ್ದರೂ ಸೆಟ್ಟಿಂಗ್ ಒಂದೇ

ಹಾರಂಗಿ ಹಿನ್ನೀರಿನ ಕಡೆ ಮೋಟಾರ್ ಬೋಟ್ ಇಟ್ಟುಕೊಂಡವರು ಒಂದೇ ಬೋಟಿಗೆ ಎರಡು ಮೂರು ಬಗೆಯ ಬ್ಯಾಟರಿ ಕೂರಿಸುವುದುಂಟು: ಎಂಜಿನ್ ಸ್ಟಾರ್ಟ್ ಮಾಡಲು ನೀರು ಹಾಕುವ ಲೆಡ್ ಆಸಿಡ್, ದೀಪಕ್ಕೆ ಎಜಿಎಂ (ನೀರು ಹಾಕಬೇಕಿಲ್ಲದ, ಮುಚ್ಚಿದ ಲೆಡ್ ಆಸಿಡ್), ಎಲೆಕ್ಟ್ರಿಕ್ ಮೋಟಾರಿಗೆ ಲಿಥಿಯಂ. ಅವರ ಕಣ್ಣು ಸಹಜವಾಗಿಯೇ ಈ 12 ವೋಲ್ಟ್, 30 ಆಂಪಿಯರ್, ಮೂರು ಔಟ್‌ಪುಟ್‌ನ ಚಾರ್ಜರ್ ಮೇಲೆ ಬೀಳುತ್ತದೆ. ಚಾರ್ಜರ್ ಚೆನ್ನಾಗಿದೆ. ಆದರೆ 30 ಆಂಪಿಯರ್ ಅನ್ನುವುದು ಮೂರೂ ಔಟ್‌ಪುಟ್‌ಗೆ ಸೇರಿ, ಮತ್ತು ಮೂರಕ್ಕೂ ಹೋಗುವುದು ಒಂದೇ ವೋಲ್ಟೇಜ್.

ನಾರ್ಮಲ್ ಮೋಡ್‌ನಲ್ಲಿ 14.4 ವೋಲ್ಟ್‌ವರೆಗೆ ಏರಿಸಿ, 13.8ರ ಫ್ಲೋಟ್‌ಗೆ (ತುಂಬಿದ ಬ್ಯಾಟರಿಯನ್ನು ಹಾಗೇ ಉಳಿಸುವ ಮಟ್ಟಕ್ಕೆ) ಇಳಿದು, ಆಮೇಲೆ 13.2ರಲ್ಲಿ ಕಾಯ್ದುಕೊಳ್ಳುತ್ತದೆ. ಹೈ ಮೋಡ್‌ನಲ್ಲಿ 14.7, ಲಿಥಿಯಂ ಮೋಡ್‌ನಲ್ಲಿ 14.2, ಆಮೇಲೆ 13.5. ಲಿಥಿಯಂ ಮೋಡ್ ಹಾಕಿ ಲೆಡ್ ಆಸಿಡನ್ನೂ ಜೋಡಿಸಿದರೆ ಅದು ಪೂರ್ತಿ ತುಂಬದೆ, ತಿಂಗಳುಗಟ್ಟಲೆಯಲ್ಲಿ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ತಿರುಗಾಮುರುಗಾ ಮಾಡಿ ನಾರ್ಮಲ್ ಮೋಡ್‌ನಲ್ಲಿ ಲಿಥಿಯಂ ಜೋಡಿಸಿದರೆ ಅದು ತನಗೆ ಬೇಡದ 13.8ರಲ್ಲಿ ನಿಂತಿರುತ್ತದೆ. ಸೊರಗಿದ ಬ್ಯಾಟರಿಯನ್ನು ಚೇತರಿಸುವ ರೀಕಂಡಿಷನ್ ಚಾಲೂ ಇದ್ದರಂತೂ 16.2 ವೋಲ್ಟ್ ಹೋಗಿ, ಲಿಥಿಯಂ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಆದ ಬಿಎಂಎಸ್ ಕಟ್ ಆಗುತ್ತದೆ. ಆ ಸೌಲಭ್ಯ ನೀರು ಹಾಕುವ ಬ್ಯಾಟರಿಗೆ ಮಾತ್ರ, ಅದೂ ಬೋಟಿನ ಉಳಿದ ಉಪಕರಣಗಳನ್ನು ಬಿಚ್ಚಿಟ್ಟು. ಲಿಥಿಯಂ ಇದ್ದವರು ಮೂರನೇ ಔಟ್‌ಪುಟ್ ಖಾಲಿ ಬಿಡಿ. ಲೆಡ್ ಆಸಿಡ್‌ನಿಂದ ಲಿಥಿಯಂಗೆ, ಅದಕ್ಕೆ ಬೇಕಾದ ವೋಲ್ಟೇಜ್ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಜೆಲ್ ಬ್ಯಾಟರಿಯಾದರೆ ಲೇಬಲ್‌ನಲ್ಲಿರುವ ಗರಿಷ್ಠ ವೋಲ್ಟೇಜನ್ನು ಫೋನ್ ಆ್ಯಪ್‌ನಲ್ಲಿ ನಾವೇ ಸೆಟ್ ಮಾಡಬೇಕು.

75 ಆಂಪಿಯರ್-ಅವರ್‌ನ ಒಂಟಿ ಲೆಡ್ ಆಸಿಡ್‌ಗೆ 30 ಆಂಪಿಯರ್ ಜಾಸ್ತಿಯಾಯಿತು. ನೈಟ್ ಮೋಡ್ ಅದನ್ನು ಅರ್ಧಕ್ಕೆ ಇಳಿಸುತ್ತದೆ, ಅಷ್ಟು ಸಾಕು.

ವೈರ್ ವಿಷಯದಲ್ಲಿ ಕಂಜೂಸುತನ ಬೇಡ. ಚಾರ್ಜರ್‌ನಿಂದ ಬ್ಯಾಟರಿಗೆ 2 ಮೀಟರ್ ಅಂದರೆ ಹೋಗಿ ಬರಲು 4 ಮೀಟರ್. 4 ಚದರ ಮಿ.ಮೀ. ತಾಮ್ರದ ವೈರ್‌ನಲ್ಲಿ 30 ಆಂಪಿಯರ್ ಹರಿದರೆ ಸುಮಾರು ಅರ್ಧ ವೋಲ್ಟ್ ದಾರಿಯಲ್ಲೇ ಹೋಯಿತು. ಚಾರ್ಜರ್ 14.4 ತೋರಿಸುವಾಗ ಬ್ಯಾಟರಿಗೆ ಸಿಗುವುದು 13.9, ಚಾರ್ಜ್ ಆಗಲು ತಾಸುಗಟ್ಟಲೆ ಹೆಚ್ಚು ಬೇಕು. 10 ಚದರ ಮಿ.ಮೀ. ಹಾಕಿದರೆ ಕಳೆಯುವುದು 0.2 ವೋಲ್ಟ್ ಅಷ್ಟೆ.

ಕೊಡಗಿನ ಮಳೆಗೆ ಇದರ ದೊಡ್ಡ ಕೊರತೆ ಹೆಸರಲ್ಲೇ ಇದೆ: ಐಪಿ22 ಅಂದರೆ ನೀರು ಎರಚಿದರೆ ತಡೆಯುವುದಿಲ್ಲ. ತೆರೆದ ಬೋಟಿನಲ್ಲಿ ಕೂರಿಸಬೇಡಿ. ದಡದ ಶೆಡ್ಡಿನ ಗೋಡೆಗೆ ಹಾಕಿ. ಬ್ಯಾಟರಿಯ ನೇರ ಮೇಲೆ ಬೇಡ, ಅದರ ಆಸಿಡ್ ಆವಿ ಒಳಗಿನ ಬೋರ್ಡ್ ತಿನ್ನುತ್ತದೆ. ಹಾಗಂತ ಬೇರೆ ಕೋಣೆಯೂ ಬೇಡ, ಏಕೆಂದರೆ ಉಷ್ಣತೆಗೆ ತಕ್ಕಂತೆ ವೋಲ್ಟೇಜ್ ಹೊಂದಿಸಲು ಇದು ತನ್ನ ಸುತ್ತಲಿನ ಗಾಳಿಯನ್ನೇ ನಂಬುತ್ತದೆ. ಜನವರಿಯ ಬೆಳಗಿನ ಚಳಿಗೆ ಆ ಹೊಂದಾಣಿಕೆ ಬೇಕೇ ಬೇಕು.

ಮರ ಬಿದ್ದು ಲೈನ್ ಹೋದ ದಿನ 1 ಕೆವಿಎ ಜನರೇಟರ್ ಸಾಕು. ಪೂರ್ತಿ ಲೋಡ್‌ನಲ್ಲೂ ಇದು 500 ವ್ಯಾಟ್ ಒಳಗೇ ಎಳೆಯುತ್ತದೆ. 180ರಿಂದ 265 ವೋಲ್ಟ್‌ವರೆಗೆ ಕೆಲಸ ಮಾಡುವುದರಿಂದ ಸಣ್ಣಪುಟ್ಟ ಏರಿಳಿತಕ್ಕೆ ಸ್ಟೆಬಿಲೈಸರ್ ಬೇಕಿಲ್ಲ. ಆದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಚಾರ್ಜಿಂಗ್ ಮೊದಲಿನಿಂದ ಶುರುವಾಗಿ, ಲೆಡ್ ಆಸಿಡ್‌ನ ನೀರು ಬೇಗ ಕಮ್ಮಿಯಾಗುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿಯ ನೀರಿನ ಮಟ್ಟ ಆಗಾಗ ನೋಡಿ, ಪೂರ್ತಿ ಚಾರ್ಜ್ ಆದ ಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿ.