ಬುಕಾನನ್ನನ ಮೂರು ಸಂಪುಟ: ಕೊಳ್ಳುವ ಮುಂಚೆ ನೋಡಬೇಕಾದ್ದು

ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದ ಪ್ರವಾಸಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ದಾವಣಗೆರೆ, ಚಿತ್ರದುರ್ಗದ ಓದುಗರಿಗೆ ಬೇಕಾದ್ದು ಅದರ ಮೂರನೇ ಸಂಪುಟ. ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರಿನ ದಿನಚರಿ ಇರುವುದು ಅಲ್ಲೇ. ದಾವಣಗೆರೆ ಹತ್ತಿಗಿರಣಿಗಳ ಊರಾಗುವುದಕ್ಕೆ ಎಷ್ಟೋ ಮೊದಲು ಕಂಬಳಿ ನೇಯ್ಗೆಯ ಊರಾಗಿದ್ದದ್ದು ಇದರಲ್ಲಿ ಕಾಣುತ್ತದೆ.

ವೈದ್ಯ ಬರೆದದ್ದೆಂದು ಕಷಾಯ, ಕಾಯಿಲೆ ಹುಡುಕಿದರೆ ನಿರಾಸೆಯೇ. ಗವರ್ನರ್ ಜನರಲ್ ವೆಲ್ಲೆಸ್ಲಿ ಇವನನ್ನು ಕಳಿಸಿದ್ದು ಬೇಸಾಯ, ಕಸುಬು, ವ್ಯಾಪಾರ ವಿಚಾರಿಸಲು. ಹಾಗಾಗಿ ಪುಟಪುಟಕ್ಕೂ ಬಿತ್ತನೆ, ಗೇಣಿ, ಕೂಲಿ, ಅಳತೆ. ದಿನಚರಿಯನ್ನು ತಿದ್ದಿ ಅಡಕ ಮಾಡದೆ ಹಾಗೇ ಅಚ್ಚು ಹಾಕಿದ್ದರಿಂದ ಒಂದೇ ವಿಷಯ ಹತ್ತು ಕಡೆ ಚದುರಿದೆ. ಓದಲು ತ್ರಾಸು, ಆದರೆ ಊರೂರಿನ ವಿವರ ಉಳಿದದ್ದೂ ಅದರಿಂದಲೇ.

ಮೂಲ ಮುದ್ರಣ ಕ್ವಾರ್ಟೊ ಅಳತೆಯದು (ಅಚ್ಚಿನ ದೊಡ್ಡ ಹಾಳೆಯನ್ನು ನಾಲ್ಕಾಗಿ ಮಡಿಸಿದಷ್ಟು ಅಗಲದ ಪುಟ), ಒಂದೊಂದು ಸಂಪುಟವೂ ದಪ್ಪ, ಭಾರ. ಮಾರುವವರು 'ಪೂರ್ತಿ ಸೆಟ್' ಅಂದರೆ ನಂಬಿ ಹಣ ಕಟ್ಟಬೇಡಿ. ಇಂಥ ಪುಸ್ತಕಗಳಲ್ಲಿ ಮೊದಲು ಮಾಯವಾಗುವುದು ಮಡಚುವ ನಕ್ಷೆ, ಆಮೇಲೆ ತಾಮ್ರಫಲಕದ ಚಿತ್ರಗಳು. ಕತ್ತರಿಸಿ ಫ್ರೇಮ್ ಹಾಕಿ ಮಾರಿದರೆ ಬಿಡಿಬಿಡಿಯಾಗಿ ಹೆಚ್ಚು ದುಡ್ಡು! ಹೊಲಿಗೆಯ ಸಂದಿಯಲ್ಲಿ ಬೆರಳಾಡಿಸಿ, ಕತ್ತರಿಸಿದ ಅಂಚಿನ ಮೊಂಡು ಸಿಕ್ಕರೆ ಅಲ್ಲೊಂದು ಹಾಳೆ ಹೋಗಿರಬಹುದು. ನಕ್ಷೆಯನ್ನು ಪೂರ್ತಿ ಬಿಚ್ಚಿಸಿ ನೋಡಿ, ಮಡಿಕೆ ಕೂಡುವ ಮೂಲೆಗಳಲ್ಲೇ ಅದು ಹರಿಯುವುದು. ಕಂದು ಚುಕ್ಕೆಗಳಿಗೆ ಹೆದರಬೇಕಿಲ್ಲ, ನುಸಿ ಕೊರೆದ ತೂತು ಅಕ್ಷರಕ್ಕೆ ತಾಗಿದ್ದರೆ ಮಾತ್ರ ಬೆಲೆ ಇಳಿಸಿ ಕೇಳಿ.

1870ರ ಮದ್ರಾಸ್ ಮುದ್ರಣ ಎರಡೇ ಸಂಪುಟ. ಓದಲು ಸಾಕು, ಆದರೆ ಪುಟಸಂಖ್ಯೆ ಬೇರೆ. ಗೆಜೆಟಿಯರಿನಲ್ಲೋ ಪ್ರಬಂಧದಲ್ಲೋ 'ಸಂಪುಟ 3' ಎಂದು ಕೊಟ್ಟ ಪುಟ ಇದರಲ್ಲಿ ಸಿಗದು. ಆರ್ಡರ್ ಬಂದ ಮೇಲೆ ಸ್ಕ್ಯಾನಿನಿಂದ ಅಚ್ಚು ಹಾಕಿ ಕಳಿಸುವ ಅಗ್ಗದ ಪ್ರತಿಗಳದ್ದು ಬೇರೆ ಗೋಳು: ದೊಡ್ಡ ಪುಟವನ್ನು ಕುಗ್ಗಿಸಿದ್ದರಿಂದ ಕೋಷ್ಟಕದ 3 ಯಾವುದು 8 ಯಾವುದು ತಿಳಿಯದು, ಎಷ್ಟೋ ಸಲ ನಕ್ಷೆ ಮಡಚಿದಂತೆಯೇ ಸ್ಕ್ಯಾನ್ ಆಗಿರುತ್ತದೆ. ಅದಕ್ಕಿಂತ ಪುಕ್ಕಟೆ ಡಿಜಿಟಲ್ ಪ್ರತಿಯೇ ವಾಸಿ. ಹುಡುಕುವಾಗ ಈಗಿನ ಕಾಗುಣಿತ ಹಾಕಿದರೆ ಏನೂ ಬರದು, ಅವನು ಬರೆದಿರುವುದು 'ದಾವನಗಿರಿ', 'ಚತ್ರಕಲ್' ಎಂದು.

ಹಳೆಯ ಪ್ರತಿ ಕೈಗೆ ಬಂದ ಮೇಲೆ ಲೆಕ್ಕದ ಪುಸ್ತಕ ಕಟ್ಟುವ ಬೈಂಡರ್ ಹತ್ತಿರ ಒಯ್ಯಬೇಡಿ. ಮೂರು ಬದಿಯನ್ನೂ ಮಷೀನಿನಲ್ಲಿ ಸವರಿ ಚೊಕ್ಕ ಮಾಡಿಕೊಡುತ್ತಾರೆ, ಅಂಚು ಹೋದರೆ ಬೆಲೆಯೂ ಹೋಯಿತು. ಮೈದಾ ಅಂಟಿಗೆ ಹುಳ ಬರದಿರಲೆಂದು ಮೈಲುತುತ್ತ ಬೆರೆಸುವ ರೂಢಿಯೂ ಉಂಟು, ಅದರ ತಾಮ್ರ ಕಾಗದವನ್ನೇ ತಿನ್ನುತ್ತದೆ. ರಟ್ಟು ಸಡಿಲವಾಗಿದ್ದರೆ ಹತ್ತಿ ಲಾಡಿಯಿಂದ ಕಟ್ಟಿ, ಮಲಗಿಸಿಡಿ. ನಿಲ್ಲಿಸಿದರೆ ಪುಟಗಳ ಭಾರವೇ ಹೊಲಿಗೆಯನ್ನು ಜಗ್ಗುತ್ತದೆ.

ಸಂಗ್ರಹದ ಹುಚ್ಚಿದ್ದವರಿಗೆ 1807ರ ಸೆಟ್, ಅದೂ ನಕ್ಷೆ ಇದ್ದರೆ ಮಾತ್ರ. ಊರಿನ ಚರಿತ್ರೆಗಷ್ಟೇ ಬೇಕೆಂದರೆ ಬಿಡಿಯಾಗಿ ಸಿಕ್ಕ ಮೂರನೇ ಸಂಪುಟ ಸಾಕು, ಮೂರರಲ್ಲೊಂದು ಎಂಬ ಕಾರಣಕ್ಕೇ ಅದನ್ನು ಚೌಕಾಸಿ ಮಾಡಬಹುದು.