ಎಂಟನೇ ಬಾಟಲಿ ವಿಟಮಿನ್ ಸಿ ಸೀರಮ್: ತೆರೆದ ಮೇಲೆ ನಿಜವಾಗಿ ಎಷ್ಟು ದಿನ ಬರುತ್ತದೆ?

ಎರಡು ವರ್ಷದಿಂದ ಬೆಳಗ್ಗೆ ಮುಖ ತೊಳೆದ ಮೇಲೆ ನಾನು ಹಚ್ಚುವುದು ಇದೇ ಸೀರಮ್. 15% ಎಲ್-ಆಸ್ಕಾರ್ಬಿಕ್ ಆಸಿಡ್ (ಅಂದರೆ ಶುದ್ಧ ವಿಟಮಿನ್ ಸಿ), ಜೊತೆಗೆ ವಿಟಮಿನ್ ಇ ಮತ್ತು ಫೆರುಲಿಕ್ ಆಸಿಡ್. 30 ಮಿಲಿಯ ಕಂದು ಗಾಜಿನ ಬಾಟಲಿ, ಡ್ರಾಪರ್ ಮುಚ್ಚಳ. ಈಗ ನಡೆಯುತ್ತಿರುವುದು ಎಂಟನೆಯದು. ಮೊಡವೆ ಹೋದ ಮೇಲೆ ಉಳಿದಿದ್ದ ಕಲೆಗಳು ತಿಳಿಯಾದವು. ಅದಕ್ಕೆ ನಾಲ್ಕೈದು ತಿಂಗಳು ಹಿಡಿಯಿತು. ಕೆಲಸದ ಬಗ್ಗೆ ನನಗೆ ತಕರಾರಿಲ್ಲ. ಬರೆಯಬೇಕು ಅನ್ನಿಸಿದ್ದು ಇದು ಎಷ್ಟು ಬೇಗ ಕೆಡುತ್ತದೆ ಅನ್ನೋದರ ಬಗ್ಗೆ.

ಮೊದಲ ಬಾಟಲಿಯನ್ನು ಬಾತ್‌ರೂಮಿನ ಕನ್ನಡಿ ಪಕ್ಕದ ಗೂಡಿನಲ್ಲಿ ಇಟ್ಟಿದ್ದೆ. ಮುಖ ತೊಳೆಯುವ ಜಾಗ, ಕೈಗೆ ಸಿಗುತ್ತದೆ ಅಲ್ವಾ? ಏಳನೇ ವಾರದ ಹೊತ್ತಿಗೆ ದಿಂಬಿನ ಕವರ್ ಮೇಲೆ ಕಿತ್ತಳೆ ಕಲೆ ಕಾಣಿಸಿತು. ಉಗುರಿನ ಅಂಚಿಗೂ ಅದೇ ಬಣ್ಣ. ಗಾಜು ಕಂದು ಬಣ್ಣದ್ದಾದ್ದರಿಂದ ಒಳಗೆ ಏನಾಗಿದೆ ಅಂತ ಗೊತ್ತಾಗಿರಲಿಲ್ಲ. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಹಾಕಿ ನೋಡಿದೆ. ತುಕ್ಕಿನ ಬಣ್ಣ! ಡಬ್ಬಿಯ ಮೇಲಿನ ದಿನಾಂಕಕ್ಕೆ ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಇತ್ತು. ಮೋಸ ಹೋದೆ ಅಂತ ತುಂಬಾ ಬೇಜಾರಾಯಿತು.

ಆಮೇಲೆ ಓದಿ ತಿಳಿದುಕೊಂಡೆ. ಆ ದಿನಾಂಕ ಮುಚ್ಚಳ ತೆರೆಯದ ಬಾಟಲಿಗೆ ಮಾತ್ರ. ತೆರೆದ ಮೇಲಿನ ಲೆಕ್ಕ ಬೇರೆ. ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರ, ಅದರಲ್ಲಿ ‘6ಎಂ’ ಅಥವಾ ‘12ಎಂ’ ಅಂತ ಇರುತ್ತದಲ್ಲ, ಅದು ತೆರೆದ ದಿನದಿಂದ ಎಷ್ಟು ತಿಂಗಳು ಅನ್ನೋದು. ಯುರೋಪಿನ ನಿಯಮದಲ್ಲಿ, ತೆರೆಯದೆ 30 ತಿಂಗಳಿಗಿಂತ ಜಾಸ್ತಿ ಬಾಳುವ ಪದಾರ್ಥಕ್ಕೆ ಎಕ್ಸ್‌ಪೈರಿ ದಿನಾಂಕವೇ ಬೇಕಿಲ್ಲ, ಈ ಗುರುತು ಇದ್ದರೆ ಸಾಕು. ನನ್ನ ಸೀರಮ್ ಮೇಲೆ ‘6ಎಂ’ ಅಂತಿದೆ. ನನ್ನ ಅನುಭವದಲ್ಲಿ ಒಂದು ಬಾಟಲಿಯೂ ಆರು ತಿಂಗಳು ಚೆನ್ನಾಗಿ ಉಳಿದಿಲ್ಲ.

ಕಾರಣ ವಿಟಮಿನ್ ಸಿಯ ಗುಣದಲ್ಲೇ ಇದೆ. ಚರ್ಮಕ್ಕೆ ಹಾನಿ ಮಾಡುವ ಕಣಗಳ ಜೊತೆ ತಾನೇ ಮೊದಲು ಬೆರೆತು ಅವುಗಳ ಕಾಟ ತಪ್ಪಿಸುತ್ತದೆ. ಅದೇ ಆತುರದಲ್ಲಿ ಬಾಟಲಿಯೊಳಗಿನ ಗಾಳಿಯ ಜೊತೆಗೂ ಬೆರೆತು ಮುಗಿದುಹೋಗುತ್ತದೆ. ಬೆಳಕು, ಬಿಸಿ ಸೇರಿದರೆ ಇನ್ನೂ ಬೇಗ. ಫೆರುಲಿಕ್ ಆಸಿಡ್ ಇದನ್ನು ನಿಧಾನ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಮೊದಲು ತಿಳಿ ಹಳದಿ, ಆಮೇಲೆ ಜೇನಿನ ಬಣ್ಣ, ಕೊನೆಗೆ ಕಂದು. ಹೀಗೆ ಒಡೆದಾಗ ಹುಟ್ಟುವ ಪದಾರ್ಥಗಳಲ್ಲಿ ಎರಿಥ್ರುಲೋಸ್ ಒಂದು. ಚರ್ಮಕ್ಕೆ ಕಂದು ಬಣ್ಣ ಬರಿಸುವ ಲೋಷನ್‌ಗಳಲ್ಲಿ ಹಾಕುವುದೂ ಅದನ್ನೇ. ನನ್ನ ಉಗುರಿನ ಬಣ್ಣದ ಗುಟ್ಟು ಗೊತ್ತಾಗಿದ್ದು ಆಗ.

ಎರಡನೇ ಬಾಟಲಿಯನ್ನು ಮಲಗುವ ಕೋಣೆಯ ಕಪಾಟಿನಲ್ಲಿ, ಅದರ ರಟ್ಟಿನ ಡಬ್ಬಿಯೊಳಗೇ ಇಟ್ಟೆ. ಹತ್ತು ವಾರ ತಿಳಿ ಹಳದಿಯಾಗಿಯೇ ಇತ್ತು, ಹನ್ನೆರಡನೇ ವಾರಕ್ಕೆ ಜೇನಿನ ಬಣ್ಣ. ಬರೀ ಜಾಗ ಬದಲಿಸಿದ್ದಕ್ಕೇ ಇಷ್ಟು ವ್ಯತ್ಯಾಸ! ಮೂರನೆಯದರಿಂದ ಫ್ರಿಜ್‌ನಲ್ಲಿ ಇಡುತ್ತಿದ್ದೇನೆ. ಬಾಗಿಲಿನಲ್ಲಿ ಅಲ್ಲ, ಒಳಗಿನ ತಟ್ಟೆಯಲ್ಲಿ. ಬಾಗಿಲು ತೆಗೆದು ಹಾಕುವಾಗ ಅಲ್ಲಿ ಬಿಸಿ ತಾಗುತ್ತಲೇ ಇರುತ್ತದೆ. ಹೀಗಿಟ್ಟರೆ ಮೂರು ತಿಂಗಳ ಮೇಲೂ ತಿಳಿ ಹಳದಿ ದಾಟುವುದಿಲ್ಲ. ತಿಳಿ ಹಳದಿ ಇರುವವರೆಗೆ ಬಳಸುತ್ತೇನೆ, ಜೇನಿನ ಬಣ್ಣ ಬಂದರೆ ಎಸೆಯುತ್ತೇನೆ.

ನನ್ನ ನಿಜವಾದ ತಕರಾರು ಬಾಟಲಿಯ ಅಳತೆಯ ಮೇಲೆ. ಈ ಡ್ರಾಪರ್‌ನಿಂದ 1 ಮಿಲಿಗೆ ಸುಮಾರು 20 ಹನಿ ಬೀಳುತ್ತದೆ, ಎಣಿಸಿ ನೋಡಿದ್ದೇನೆ. ಅಂದರೆ 30 ಮಿಲಿಗೆ 600 ಹನಿ. ಡಬ್ಬಿಯ ಮೇಲೆ ಹೇಳಿದಂತೆ ದಿನಕ್ಕೆ 5 ಹನಿ ಹಾಕಿದರೆ ಮುಗಿಯಲು 120 ದಿನ ಬೇಕು. ಅಷ್ಟು ದಿನ ಸೀರಮ್ ಚೆನ್ನಾಗಿರುವುದೇ ಇಲ್ಲ! ಅದಕ್ಕೇ ಈಗ ಕತ್ತಿಗೂ ಕೈಗಳ ಹಿಂಭಾಗಕ್ಕೂ ಸೇರಿಸಿ ದಿನಕ್ಕೆ 7 ಹನಿ ಬಳಸುತ್ತೇನೆ. ಮೂರು ತಿಂಗಳೊಳಗೆ ಖಾಲಿಯಾಗುತ್ತದೆ. ಡ್ರಾಪರ್ ಎತ್ತಿದಾಗಲೆಲ್ಲ ಹೊಸ ಗಾಳಿ ಒಳಗೆ ಹೋಗುತ್ತದೆ. ಇದನ್ನೇ 15 ಮಿಲಿಯಲ್ಲಿ, ಗಾಳಿ ಹೋಗದ ಪಂಪ್ ಹಾಕಿ ಕೊಟ್ಟರೆ ನಾನು ಕಣ್ಣುಮುಚ್ಚಿ ಕೊಳ್ಳುತ್ತೇನೆ. ಸೀರಮ್‌ಗೆ 5ಕ್ಕೆ 4.5 ಅಂಕ. ಬಾಟಲಿಗೆ 2.

ಇದನ್ನು ಓದಿ ಎಲ್ಲವನ್ನೂ ಫ್ರಿಜ್‌ಗೆ ತುಂಬಬೇಡಿ. ಮಾಯಿಶ್ಚರೈಸರ್, ಸನ್‌ಸ್ಕ್ರೀನ್‌ಗೆ ಬಿಸಿಲು ತಾಗದ ಒಣ ಕಪಾಟು ಸಾಕು. ಸನ್‌ಸ್ಕ್ರೀನ್ ಅನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ. ನನ್ನದೊಂದು ಹಾಗೇ ಉಳಿದು, ಒತ್ತಿದರೆ ಮೊದಲು ನೀರು, ಆಮೇಲೆ ಗಟ್ಟಿ ಬಂತು. ಹಾಗೆ ಒಡೆದದ್ದು ಮುಖದ ಮೇಲೆ ಸಮನಾಗಿ ಕೂರುವುದಿಲ್ಲ, ಕೂರದ ಕಡೆ ಬಿಸಿಲು ತಾಗುತ್ತದೆ. ದಿನಾಂಕ ಬಾಕಿ ಇದ್ದರೂ ಎಸೆದೆ. ಅಗಲ ಬಾಯಿಯ ಡಬ್ಬಿ ಕ್ರೀಮ್‌ಗೆ ಒದ್ದೆ ಬೆರಳು ಅದ್ದಬೇಡಿ, ನೀರಿನ ಜೊತೆ ಕೀಟಾಣು ಒಳಗೆ ಹೋಗುತ್ತವೆ. ಒಣಗಿದ ಪುಟ್ಟ ಚಮಚ ಇಟ್ಟುಕೊಳ್ಳಿ. ರೆಟಿನಾಲ್‌ಗೂ (ಚರ್ಮಕ್ಕೆ ಹಚ್ಚುವ ವಿಟಮಿನ್ ಎ) ಬೆಳಕು, ಗಾಳಿ ಆಗಿಬರುವುದಿಲ್ಲ, ಅದನ್ನು ಅಲ್ಯೂಮಿನಿಯಂ ಟ್ಯೂಬಿನಲ್ಲಿ ಬರುವಂಥದ್ದೇ ನೋಡಿ ತರುತ್ತೇನೆ. ಮುಖಕ್ಕೆ ಹಚ್ಚುವ ಎಣ್ಣೆ ಮುಗ್ಗಲು ವಾಸನೆ ಬಂದರೆ ಕೆಟ್ಟಿದೆ ಅಂತಲೇ ಅರ್ಥ.

ಈಗ ಪ್ರತಿ ಬಾಟಲಿಯ ತಳಕ್ಕೂ ತೆರೆದ ದಿನ ಬರೆದ ಚೀಟಿ ಅಂಟಿಸುತ್ತೇನೆ. ವಾರಕ್ಕೊಮ್ಮೆ ಬಿಳಿ ಟಿಶ್ಯೂ ಮೇಲೆ ಒಂದು ಹನಿ. ಎಂಟನೆಯದಕ್ಕೆ ನಿನ್ನೆಗೆ 68 ದಿನ. ಹನಿ ಇನ್ನೂ ತಿಳಿ ಹಳದಿಯೇ ಇದೆ, ಬಾಟಲಿಯಲ್ಲಿ ಎರಡು ವಾರಕ್ಕಾಗುವಷ್ಟು ಉಳಿದಿದೆ.